ಹತ್ತು ರೂಪಾಯಿಯ ಬಾಪೂ: ಒಂದು ಅಂಚೆಚೀಟಿ ತಯಾರಾದ ಬಗೆ

ಕಳೆದ ಗಾಂಧಿ ಜಯಂತಿಗೆ ನಮ್ಮ ಕನ್ನಡ ಸಂಘದಿಂದ ಲೈಬ್ರರಿ ಕಾರಿಡಾರಿನಲ್ಲಿ ಒಂದು ಪುಟ್ಟ ಅಂಚೆಚೀಟಿ ಪ್ರದರ್ಶನ ಇಟ್ಟಿದ್ದೆವು. ನೋಡಿದವರಿಗೆ ನೆನಪಿರಬಹುದು, 1948ರ ಗಾಂಧಿ ಸ್ಮಾರಕ ಚೀಟಿಗಳು ಅಂತ ಬರೆದ ಚೌಕಟ್ಟಿನಲ್ಲಿ ನಾಲ್ಕು ಜಾಗ ಇತ್ತು, ಚೀಟಿ ಮಾತ್ರ ಮೂರು. ನಾಲ್ಕನೆಯದು ಎಲ್ಲಿ ಅಂತ ಕೇಳಿದವರಿಗೆಲ್ಲ ಆವತ್ತು 'ಸಿಗಲಿಲ್ಲ' ಅಂದುಬಿಟ್ಟೆವು. ಅದು ಪೂರ್ತಿ ನಿಜ ಅಲ್ಲ. ಸಿಕ್ಕಿತ್ತು. ಇಡಲಿಲ್ಲ. ಯಾಕೆ ಇಡಲಿಲ್ಲ ಅನ್ನೋದನ್ನ ಹೇಳಬೇಕಾದರೆ ಆ ಚೀಟಿ ಹೇಗೆ ತಯಾರಾಯ್ತು ಅನ್ನೋದನ್ನೇ ಮೊದಲು ಹೇಳಬೇಕು. ಹಾಗಾಗಿ ಈ ಬರಹ.

ನಮ್ಮ ಸಂಘದ ಒಬ್ಬ ಗೆಳೆಯ ಸಾಗರದ ಕಡೆಯವನು, ಮೆಕ್ಯಾನಿಕಲ್ ಐದನೇ ಸೆಮ್. ಅವನ ಅಜ್ಜನಿಗೆ ಸ್ಟಾಂಪ್ ಹುಚ್ಚು. ಪ್ರದರ್ಶನ ಅಂತ ಕೇಳಿದ್ದೇ ತಡ, ಅರವತ್ತು ವರ್ಷ ಕೂಡಿಟ್ಟ ಆಲ್ಬಮ್ಮನ್ನ ಅಡಿಕೆ ಪಟ್ಟಿಯ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿ ಮೊಮ್ಮಗನ ಕೈಲಿ ಕಳಿಸಿಬಿಟ್ಟರು. ಅದರ ಮೊದಲ ಪುಟದಲ್ಲೇ ಗಾಂಧಿ ಚೀಟಿಗಳ ಪೂರ್ತಿ ಸೆಟ್ಟು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಮತ್ತೆ ಹತ್ತು ರೂಪಾಯಿ. ಹತ್ತು ರೂಪಾಯಿಯದನ್ನ ಅಜ್ಜ ಎಂಬತ್ತರ ದಶಕದಲ್ಲಿ ಯಾವುದೋ ಊರಿನ ಒಬ್ಬ ವ್ಯಾಪಾರಿಯಿಂದ ಅರ್ಧ ತಿಂಗಳ ಸಂಬಳ ಕೊಟ್ಟು ತಂದಿದ್ದರಂತೆ. ಮನೆಯಲ್ಲಿ ಆ ವಿಷಯಕ್ಕೆ ಎರಡು ದಿನ ಮಾತುಕತೆ ನಿಂತಿತ್ತು ಅನ್ನೋದು ಈಗಲೂ ಆ ಮನೆಯ ನಗೆಚಾಟಿಕೆ.

ಹತ್ತು ರೂಪಾಯಿಗೆ ಇಷ್ಟೊಂದು ಬೆಲೆ ಯಾಕೆ ಅಂತ ನಮಗೂ ಮೊದಲು ಅರ್ಥ ಆಗಲಿಲ್ಲ. ಲೆಕ್ಕ ಹಾಕಿ ನೋಡಿ. ಆಗ ರೂಪಾಯಿಗೆ 16 ಆಣೆ. ದೇಶದೊಳಗಿನ ಮಾಮೂಲಿ ಕಾಗದಕ್ಕೆ ಒಂದೂವರೆ ಆಣೆ. ಅಂದರೆ ಹತ್ತು ರೂಪಾಯಿಯ ಒಂದು ಚೀಟಿಯ ದುಡ್ಡಿನಲ್ಲಿ ನೂರಾ ಆರು ಕಾಗದ ಹಾಕಬಹುದಿತ್ತು. ಮಿಕ್ಕ ಮೂರೂ ಚೀಟಿ ಸೇರಿದರೆ ಆಗೋದು ಒಂದು ರೂಪಾಯಿ ಒಂದು ಆಣೆ. ಬಂದ ಲಕೋಟೆಗಳನ್ನ ಬಿಚ್ಚಿ, ಅವುಗಳ ಖಾಲಿ ಬೆನ್ನಿನ ಮೇಲೆ ಉತ್ತರ ಬರೆಯುತ್ತಿದ್ದ ಮನುಷ್ಯನ ನೆನಪಿಗೆ ಜನಸಾಮಾನ್ಯರ ಕೈಗೆಟುಕದ ಚೀಟಿ! ಇದು ನಮ್ಮ ಮೊದಲ ತಕರಾರು. ಎರಡನೆಯದು ಇದಕ್ಕಿಂತ ದೊಡ್ಡದು. ಆಲ್ಬಮ್ಮಿನ ಅಂಚಿನಲ್ಲಿ ಅಜ್ಜ ದುಂಡಗೆ ಬರೆದಿದ್ದರು: 'ಮುದ್ರಣ: ಕೂರ್ವಾಜಿಯೇ, ಸ್ವಿಟ್ಜರ್ಲೆಂಡ್'.

ಮೆಸ್ಸಿನಲ್ಲಿ ಆ ರಾತ್ರಿ ದೊಡ್ಡ ಜಗಳವೇ ಆಯ್ತು. ಸ್ವದೇಶಿ ಸ್ವದೇಶಿ ಅಂತ ನೂಲು ತೆಗೆದ ಮನುಷ್ಯನ ಚೀಟಿಯನ್ನ ಸ್ವಿಸ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದು ಎಂಥ ಮರ್ಯಾದೆ ಅಂತ ಒಬ್ಬ. ನಮ್ಮ ಕೈಲಿ ಆಗದಿದ್ದರೆ ಏನು ಮಾಡಬೇಕಿತ್ತು ಅಂತ ಇನ್ನೊಬ್ಬ. 'ಕೈಲಿ ಆಗದಿದ್ದರೆ' ಅನ್ನೋದರ ಅರ್ಥ ಏನು, ಯಾವ ಕೆಲಸ ನಮ್ಮ ಕೈಲಿ ಆಗುತ್ತಿರಲಿಲ್ಲ ಅಂತ ಮೂರನೆಯವಳು ಕೇಳಿದ ಮೇಲೆ ಎಲ್ಲರೂ ಸುಮ್ಮನಾದೆವು. ಯಾಕಂದರೆ ಯಾರಿಗೂ ಗೊತ್ತಿರಲಿಲ್ಲ.

ನಾಸಿಕದಲ್ಲಿ ಏನಿತ್ತು, ಏನಿರಲಿಲ್ಲ

ಸ್ವಲ್ಪ ಹಿಂದಕ್ಕೆ ಹೋಗೋಣ. ಇಡೀ ಭಾರತಕ್ಕೆ ಅಂತ ಅಂಚೆಚೀಟಿ ಬಂದಿದ್ದು 1854ರಲ್ಲಿ. ಅವು ಕಲ್ಕತ್ತೆಯಲ್ಲೇ ಲಿಥೋ ಕಲ್ಲಿನ ಮೇಲೆ ಅಚ್ಚಾದವು. ತೂತಿನ ಅಂಚು ಇಲ್ಲ, ಕತ್ತರಿಯಲ್ಲಿ ಕತ್ತರಿಸಿಕೊಳ್ಳಬೇಕು. ಆಮೇಲೆ ಕೆಲಸ ಲಂಡನ್ನಿನ ಡಿ ಲಾ ರೂ ಕಂಪನಿಗೆ ಹೋಯ್ತು. ಎಪ್ಪತ್ತು ವರ್ಷ ನಮ್ಮ ಚೀಟಿಗಳೆಲ್ಲ ಹಡಗಿನಲ್ಲೇ ಬರುತ್ತಿದ್ದವು. 1925ರಲ್ಲಿ ನಾಸಿಕದಲ್ಲಿ ಸೆಕ್ಯುರಿಟಿ ಪ್ರೆಸ್ ಶುರುವಾದ ಮೇಲೆ ಅದು ನಿಂತಿತು. 1931ರಲ್ಲಿ ಹೊಸ ದೆಹಲಿ ಉದ್ಘಾಟನೆಯ ಚಿತ್ರಚೀಟಿಗಳನ್ನ ನಾಸಿಕದಲ್ಲೇ ಮಾಡಿದರು. ಸ್ವಾತಂತ್ರ್ಯದ ಮೊದಲ ಚೀಟಿಯೂ ಅಲ್ಲೇ ಅಚ್ಚಾಗಿದ್ದು. 1947ರ ನವೆಂಬರ್ 21ಕ್ಕೆ ಬಂದ, ತ್ರಿವರ್ಣ ಧ್ವಜ ಮತ್ತು 'ಜೈ ಹಿಂದ್' ಇರುವ ಮೂರೂವರೆ ಆಣೆಯದು. ಡಿಸೆಂಬರ್ 15ಕ್ಕೆ ಅಶೋಕನ ಸಿಂಹದ್ದು ಮತ್ತು ವಿಮಾನದ್ದು ಬಂತು. ಹಾಗಾಗಿ 'ಸ್ವತಂತ್ರ ಭಾರತಕ್ಕೆ ಒಂದು ಚೀಟಿ ಅಚ್ಚು ಹಾಕೋಕೂ ಬರುತ್ತಿರಲಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತಿತ್ತು.

ಬರದೆ ಇದ್ದಿದ್ದು ಬೇರೆ. ಧ್ವಜ, ಸಿಂಹ, ವಿಮಾನ ಇವೆಲ್ಲ ಗೆರೆಯ ಚಿತ್ರಗಳು. ಒಂದು ಜಾಗದಲ್ಲಿ ಶಾಯಿ ಇದೆ, ಇಲ್ಲವೇ ಇಲ್ಲ. ನಾಸಿಕದಲ್ಲಿದ್ದ ಲೆಟರ್‌ಪ್ರೆಸ್ಸು, ಆಫ್‌ಸೆಟ್ ಲಿಥೋ ಎರಡಕ್ಕೂ ಇದು ಒಗ್ಗುವ ಕೆಲಸ. ಆದರೆ ಒಬ್ಬ ಮುದುಕನ ಮುಖದ ಫೋಟೋ ಹಾಗಲ್ಲ. ಕಣ್ಣಿನ ಕೆಳಗಿನ ನೆರಳು, ಕೆನ್ನೆಯ ಇಳಿಜಾರು, ಬಿಳಿ ಮೀಸೆಯೊಳಗಿನ ಬೂದು, ಇಲ್ಲಿ 'ಇದೆ-ಇಲ್ಲ' ಅನ್ನೋ ಭಾಷೆ ಸಾಲುವುದಿಲ್ಲ.

ಅದಕ್ಕೆ ಮುದ್ರಣದವರು ಕಂಡುಕೊಂಡ ಉಪಾಯ ಹಾಫ್‌ಟೋನ್. ಚಿತ್ರವನ್ನ ಚುಕ್ಕೆಗಳಾಗಿ ಒಡೆಯೋದು. ಕಪ್ಪು ಜಾಗಕ್ಕೆ ದಪ್ಪ ಚುಕ್ಕೆ, ತಿಳಿ ಜಾಗಕ್ಕೆ ಸಣ್ಣ ಚುಕ್ಕೆ. ದೂರದಿಂದ ನೋಡುವ ಕಣ್ಣಿಗೆ ಅದು ಬೂದು ಬಣ್ಣವಾಗಿ ಕಾಣುತ್ತೆ. ಇಲೆಕ್ಟ್ರಾನಿಕ್ಸ್‌ನವರಿಗೆ ಇದು ಹೊಸದಲ್ಲ, ಪಲ್ಸ್ ವಿಡ್ತ್ ಮಾಡ್ಯುಲೇಶನ್ ಇದೇ ತಾನೇ. ವೋಲ್ಟೇಜ್ ಬದಲಾಗಲ್ಲ, ಎಷ್ಟು ಹೊತ್ತು ಆನ್ ಇದೆ ಅನ್ನೋದು ಬದಲಾಗುತ್ತೆ, ಎಲ್‌ಇಡಿ ಮಂದವಾಗಿ ಉರಿದ ಹಾಗೆ ಕಾಣುತ್ತೆ. ಇಲ್ಲಿ ಹೊತ್ತಿನ ಬದಲು ಚುಕ್ಕೆಯ ಗಾತ್ರ.

ಗೋಡೆಯ ಪೋಸ್ಟರಿಗೆ ಈ ಉಪಾಯ ಸಾಕು. ಅಂಚೆಚೀಟಿಗೆ? ಒಂದು ಲೆಕ್ಕ ಮಾಡಿದೆವು. ಹಳೆಯ ಪತ್ರಿಕೆಗಳಲ್ಲಿ ಬಳಸುತ್ತಿದ್ದಂಥ, ಇಂಚಿಗೆ 65 ಸಾಲಿನ ಸ್ಕ್ರೀನ್ ಹಾಕಿದರೆ ಎರಡು ಸೆಂಟಿಮೀಟರ್ ಅಗಲದ ಚೀಟಿಯಲ್ಲಿ ಅಡ್ಡಕ್ಕೆ ಸುಮಾರು 51 ಚುಕ್ಕೆ. ಮುಖ ಅದರಲ್ಲಿ ಅರ್ಧ ಅಂದರೂ 25. ಇಪ್ಪತ್ತೈದು ಚುಕ್ಕೆಗಳಲ್ಲಿ ಗಾಂಧಿಯ ಮುಖ ಬರೆಯಬೇಕು! ನಮ್ಮ ಕಾಲೇಜು ವೆಬ್‌ಸೈಟಿನ ಪ್ರೊಫೈಲ್ ಫೋಟೋಗಳು ಇದಕ್ಕಿಂತ ವಾಸಿ. ಸ್ಕ್ರೀನನ್ನ ಇನ್ನೂ ನಯ ಮಾಡಬಹುದು, ನಿಜ. ಆದರೆ ಚುಕ್ಕೆ ಸಣ್ಣದಾದಷ್ಟೂ ಒಂದಕ್ಕೊಂದು ಅಂಟಿಕೊಂಡು ನೆರಳೆಲ್ಲ ಮಸಿಯಾಗುವ ಅಪಾಯ ಹೆಚ್ಚು.

ತಾಮ್ರದ ಗದ್ದೆ

ಕೂರ್ವಾಜಿಯೇ ಪ್ರೆಸ್ಸು ಇದ್ದಿದ್ದು ಲಾ ಶೋ-ದ-ಫೋಂ ಅನ್ನೋ ಊರಿನಲ್ಲಿ. ಸ್ವಿಟ್ಜರ್ಲೆಂಡಿನ ಜುರಾ ಬೆಟ್ಟಗಳ ನಡುವಿನ ಗಡಿಯಾರದ ಊರು. (ಚಂಡೀಗಢ ಕಟ್ಟಿದ ಲೆ ಕಾರ್ಬೂಸಿಯೆ ಹುಟ್ಟಿದ್ದೂ ಇಲ್ಲೇ. ಸಿವಿಲ್‌ನವರ ಗಮನಕ್ಕೆ.) ಕೂದಲೆಳೆಯ ಲೆಕ್ಕದಲ್ಲಿ ಲೋಹ ಕೊರೆಯುವವರ ಊರಿನಲ್ಲಿ ಇಂಥ ಪ್ರೆಸ್ಸು ಬೆಳೆದಿದ್ದು ಆಶ್ಚರ್ಯವಲ್ಲ. ಅವರ ವಿದ್ಯೆ ಫೋಟೋಗ್ರ್ಯಾವ್ಯೂರ್. ಚೀಟಿಗಳಿಗೆ ಇದನ್ನ ಮೊದಲು ಬಳಸಿದ್ದು 1914ರಲ್ಲಿ ಬವೇರಿಯಾ. ಬ್ರಿಟನ್ 1934ರಲ್ಲಿ ಹಿಡಿಯಿತು. ನಾಸಿಕದಲ್ಲಿ 1948ರಲ್ಲಿ ಇರದೇ ಇದ್ದಿದ್ದು ಇದೇ.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ನಿಧಾನವಾಗಿ ನೋಡೋಣ, ಯಾಕಂದರೆ ಮುಂದೆ ಅಜ್ಜನ ಚೀಟಿಯ ಹಣೆಬರಹ ನಿಂತಿರೋದೇ ಇದರ ಮೇಲೆ.

ಮೊದಲು ಕಲಾವಿದ ಫೋಟೋ, ಅಕ್ಷರ, ಬೆಲೆ ಎಲ್ಲ ಕೂಡಿಸಿ ಚೀಟಿಗಿಂತ ಎಷ್ಟೋ ದೊಡ್ಡದಾಗಿ ಒಂದು ಮೂಲಚಿತ್ರ ಮಾಡುತ್ತಾನೆ. ಕ್ಯಾಮೆರಾದಲ್ಲಿ ಅದನ್ನ ಚೀಟಿಯ ಅಳತೆಗೆ ಇಳಿಸಿ, ಒಂದೇ ಗಾಜಿನ ಮೇಲೆ ಸಾಲು ಸಾಲಾಗಿ ಹಾಳೆಗೆ ಬೇಕಾದಷ್ಟು ಸಲ ಒಡಮೂಡಿಸುತ್ತಾರೆ. ಪ್ರತಿ ಸಲವೂ ಅಳತೆ ತಪ್ಪದ ಹಾಗೆ ಸರಿಸುವ ಯಂತ್ರವೇ ಬೇರೆ ಇದೆ. ಒಂದು ಕೂದಲಷ್ಟು ಜರುಗಿದರೂ ಕೊನೆಗೆ ತೂತಿನ ಸಾಲು ಗಾಂಧಿಯ ಕಿವಿಯ ಮೇಲೆ ಬೀಳುತ್ತೆ.

ಆಮೇಲೆ ಬರೋದು ಕಾರ್ಬನ್ ಟಿಶ್ಯೂ. ಹೆಸರು ಹಾಗಿದ್ದರೂ ಅದು ಜೆಲಟಿನ್ ಬಳಿದ ಕಾಗದ. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಅದ್ದಿದರೆ ಈ ಜೆಲಟಿನ್ನಿಗೆ ಒಂದು ಗುಣ ಬರುತ್ತೆ. ಬೆಳಕು ಬಿದ್ದಷ್ಟೂ ಗಟ್ಟಿಯಾಗುತ್ತೆ, ಬೀಳದ ಕಡೆ ಬಿಸಿನೀರಿನಲ್ಲಿ ಕರಗಿ ಹೋಗುತ್ತೆ. ಇದರ ಮೇಲೆ ಎರಡು ಸಲ ಬೆಳಕು ಹಾಯಿಸುತ್ತಾರೆ. ಮೊದಲ ಸಲ ಅತಿ ಸೂಕ್ಷ್ಮ ಗೆರೆಗಳ ಜಾಲರಿಯ ಮೂಲಕ. ಎರಡನೇ ಸಲ ಆ ಗಾಜಿನ ಚಿತ್ರದ ಮೂಲಕ. ಜಾಲರಿಯ ಗೆರೆ ಬಿದ್ದ ಕಡೆಯೆಲ್ಲ ಜೆಲಟಿನ್ ಪೂರಾ ಗಟ್ಟಿ. ಅವುಗಳ ನಡುವಿನ ಚೌಕಗಳಲ್ಲಿ ಮಾತ್ರ ಚಿತ್ರಕ್ಕೆ ತಕ್ಕಂತೆ, ತಿಳಿ ಜಾಗದಲ್ಲಿ ದಪ್ಪ ಪದರ, ಕಪ್ಪು ಜಾಗದಲ್ಲಿ ತೆಳು ಪದರ.

ಇದನ್ನ ತಾಮ್ರದ ಸಿಲಿಂಡರಿನ ಮೇಲೆ ಅಂಟಿಸಿ, ತೊಳೆದು, ಫೆರಿಕ್ ಕ್ಲೋರೈಡ್ ಹಾಕುತ್ತಾರೆ. ಹೌದು, ಅದೇ ಫೆರಿಕ್ ಕ್ಲೋರೈಡ್! ಮಿನಿ ಪ್ರಾಜೆಕ್ಟಿಗೆ ಪಿಸಿಬಿ ಮಾಡೋಕೆ ಹೋಗಿ ಹಾಸ್ಟೆಲಿನ ಬಕೆಟ್ಟನ್ನ ಶಾಶ್ವತವಾಗಿ ಹಳದಿ ಮಾಡಿದ್ದೀರಲ್ಲ, ಅದೇ. ಅಲ್ಲಿ ನಮಗೆ ಬೇಕಿದ್ದು ತಾಮ್ರ ಒಂದೋ ಇರಬೇಕು ಇಲ್ಲವೇ ಹೋಗಬೇಕು. ಇಲ್ಲಿ ಬೇಕಿರೋದು ಆಳ. ಜೆಲಟಿನ್ ತೆಳುವಾಗಿರುವ ಕಡೆ ದ್ರಾವಣ ಬೇಗ ಇಳಿದು ತಾಮ್ರವನ್ನ ಆಳವಾಗಿ ತಿನ್ನುತ್ತೆ. ದಪ್ಪ ಇರುವ ಕಡೆ ತಡವಾಗಿ ಇಳಿದು ಮೇಲೆ ಮೇಲೆ ಕೆರೆಯುತ್ತೆ. ದ್ರಾವಣದ ಸಾಂದ್ರತೆ, ಶಾಖ, ಎಷ್ಟು ನಿಮಿಷ, ಇವಿಷ್ಟನ್ನೂ ಕೈಯಳತೆ ಕಣ್ಣಳತೆಯಲ್ಲಿ ಸಂಭಾಳಿಸುವ ಕಸುಬುದಾರ ಬೇಕು. ಒಂದು ನಿಮಿಷ ಜಾಸ್ತಿಯಾದರೆ ಗಾಂಧಿಗೆ ವಯಸ್ಸು ಜಾಸ್ತಿಯಾಗುತ್ತೆ.

ಕೊನೆಗೆ ಸಿಗೋದು ತಾಮ್ರದ ಮೇಲೆ ಒಂದು ಗದ್ದೆ ಬಯಲು. ಎಲ್ಲ ಮಡಿಗಳೂ ಒಂದೇ ಅಗಲ, ನಡುವೆ ಒಂದೇ ಎತ್ತರದ ಬದು. ಆದರೆ ಒಂದೊಂದು ಮಡಿಯ ಆಳ ಬೇರೆ. ತೆಳ್ಳನೆಯ ಶಾಯಿಯಲ್ಲಿ ಸಿಲಿಂಡರ್ ಮುಳುಗಿ ಏಳುವಾಗ ಎಲ್ಲ ಮಡಿಯೂ ತುಂಬಿಕೊಳ್ಳುತ್ತೆ. ಸೇರಿನಲ್ಲಿ ಅಕ್ಕಿ ಅಳೆಯುವಾಗ ಮೇಲೆ ಕೋಲು ಆಡಿಸಿ ಹೆಚ್ಚಿನದನ್ನ ಬೀಳಿಸುತ್ತಾರಲ್ಲ, ಹಾಗೆ ಒಂದು ಉಕ್ಕಿನ ಅಲಗು ಸಿಲಿಂಡರಿನ ಮೈ ಸವರಿ ಬದುವಿನ ಮೇಲಿನ ಶಾಯಿಯನ್ನ ಒರೆಸಿಬಿಡುತ್ತೆ. ಡಾಕ್ಟರ್ ಬ್ಲೇಡ್ ಅಂತ ಅದರ ಹೆಸರು. ಮಿಕ್ಕಿದ್ದು ಕಾಗದಕ್ಕೆ. ಆಳದ ಮಡಿ ಹೆಚ್ಚು ಶಾಯಿ ಕೊಡುತ್ತೆ, ಕಪ್ಪಗೆ. ಮೇಲುಮೇಲಿನದು ಕಮ್ಮಿ ಕೊಡುತ್ತೆ, ತಿಳಿಯಾಗಿ. ಶಾಯಿ ತೆಳು ಇರೋದರಿಂದ ಒಣಗುವ ಮೊದಲು ಪಕ್ಕದ ಮಡಿಯ ಶಾಯಿಯ ಜತೆ ಒಂದಿಷ್ಟು ಬೆರೆತೂ ಹೋಗುತ್ತೆ, ಬದು ಕಾಣದಾಗುತ್ತೆ.

ಹಾಫ್‌ಟೋನ್ ಪಲ್ಸ್ ವಿಡ್ತ್ ಆದರೆ ಇದು ನಿಜವಾದ ಅನಲಾಗ್. ಚುಕ್ಕೆಯ ಗಾತ್ರ ಅಲ್ಲ, ಶಾಯಿಯ ದಪ್ಪವೇ ಬದಲಾಗುತ್ತೆ. ಎರಡು ಸೆಂಟಿಮೀಟರಿನಲ್ಲಿ ಒಂದು ಮುಖ ಉಸಿರಾಡುವ ಹಾಗೆ ಕಾಣಬೇಕಾದರೆ ಆ ಕಾಲಕ್ಕೆ ಇದಕ್ಕಿಂತ ಒಳ್ಳೆ ದಾರಿ ಇರಲಿಲ್ಲ ಅಂತ ನಮಗನ್ನಿಸುತ್ತೆ. ಕೆತ್ತನೆಯವರು ಒಪ್ಪಲಿಕ್ಕಿಲ್ಲ, ಉಕ್ಕಿನ ಮೇಲೆ ಕೈಯಲ್ಲಿ ಗೆರೆ ಕೊರೆದು ಮಾಡಿದ ಚೀಟಿಗಳ ಚೆಂದ ಬೇರೆಯೇ. ಆದರೆ ಅದು ಚಿತ್ರ, ಫೋಟೋ ಅಲ್ಲ.

198 ದಿನ

ಗಾಂಧಿ ಹತ್ಯೆಯಾದದ್ದು 1948ರ ಜನವರಿ 30. ಚೀಟಿ ಹೊರಬಂದಿದ್ದು ಅದೇ ವರ್ಷ ಆಗಸ್ಟ್ 15, ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವಕ್ಕೆ. ನಡುವೆ 198 ದಿನ. ನಾಲ್ಕು ಚೀಟಿ. ಒಂದೂವರೆ ಆಣೆ ಕಂದು, ಮೂರೂವರೆ ಆಣೆ ನೇರಳೆ, ಹನ್ನೆರಡು ಆಣೆ ಬೂದು ಹಸಿರು. ಈ ಮೂರಕ್ಕೂ ಒಂದೇ ವಿನ್ಯಾಸ. ಹತ್ತು ರೂಪಾಯಿಯದು ಮಾತ್ರ ದೊಡ್ಡದು, ಬೇರೆ ಭಾವಚಿತ್ರ, ಎರಡು ಬಣ್ಣ: ನೇರಳೆ ಮಿಶ್ರಿತ ಕಂದು ಮತ್ತು ಕಡುಗೆಂಪು. ಎರಡು ಬಣ್ಣ ಅಂದರೆ ಎರಡು ಸಿಲಿಂಡರ್, ಒಂದರ ಅಚ್ಚಿನ ಮೇಲೆ ಇನ್ನೊಂದು ಸರಿಯಾಗಿ ಕೂರಬೇಕು.

ಎಲ್ಲದರ ಮೇಲೂ ಹುಟ್ಟಿದ, ತೀರಿಕೊಂಡ ದಿನಾಂಕಗಳಿವೆ. 'ಬಾಪೂ' ಅನ್ನೋ ಪದ ದೇವನಾಗರಿಯಲ್ಲೂ ಇದೆ, ಉರ್ದುವಿನಲ್ಲೂ ಇದೆ. ಇದನ್ನ ಹಗುರವಾಗಿ ನೋಡಬೇಡಿ. ಹಿಂದೂಸ್ತಾನಿ ಭಾಷೆ ಎರಡೂ ಲಿಪಿಗಳಲ್ಲಿ ಇರಬೇಕು ಅಂತ ಗಾಂಧಿ ಕೊನೆಯವರೆಗೂ ಹಟ ಹಿಡಿದಿದ್ದರು. ದೇಶ ಒಡೆದು ಇನ್ನೂ ವರ್ಷ ಆಗಿಲ್ಲ, ರಕ್ತ ಆರಿಲ್ಲ, ಅಂಥ ಹೊತ್ತಿನಲ್ಲಿ ಒಂದಿಂಚು ಜಾಗದಲ್ಲಿ ಎರಡೂ ಲಿಪಿಯನ್ನ ಅಕ್ಕಪಕ್ಕ ಕೂರಿಸಿದ್ದಾರೆ. ಸ್ವಿಸ್ ಪ್ರೆಸ್ಸಿನ ವಿಚಾರದಲ್ಲಿ ಸ್ವದೇಶಿ ತಪ್ಪಿತು ಅನ್ನುವವರು ಈ ಎರಡು ಪದಗಳನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅನ್ನೋದು ನಮ್ಮ ಅಭಿಪ್ರಾಯ. ಹಾಗಂತ ಮೆಸ್ಸಿನ ಜಗಳ ಮುಗಿದಿಲ್ಲ. ನಾಸಿಕದ ಒರಟು ಲಿಥೋದಲ್ಲೇ ಅಚ್ಚಾಗಿದ್ದರೆ ಖಾದಿಯ ಹಾಗೆ ಅದಕ್ಕೊಂದು ಚೆಂದ ಇರುತ್ತಿತ್ತು ಅಂತ ನಮ್ಮಲ್ಲಿ ಇಬ್ಬರು ಈಗಲೂ ವಾದಿಸುತ್ತಾರೆ.

ಇದೇ ಚೀಟಿಗಳ ಕೆಲವು ಪ್ರತಿಗಳ ಮೇಲೆ 'ಸರ್ವಿಸ್' ಅಂತ ಮೇಲಚ್ಚು ಹಾಕಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಟ್ಟಿದ್ದರು. ಹತ್ತು ರೂಪಾಯಿಯದರಲ್ಲಿ ಹಾಗೆ ಮಾಡಿದ್ದು ನೂರೇ ನೂರು. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯ್ತು. ಬೆಲೆ ಹೀಗೆ ಏರಿದ ಮೇಲೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಹತ್ತು ರೂಪಾಯಿಯ ಗಾಂಧಿ ಚೀಟಿಗೆ ನಕಲುಗಳು ಹುಟ್ಟಿಕೊಂಡವು, ಈಗಲೂ ಓಡಾಡುತ್ತಿವೆ.

ಮೈಕ್ರೋಸ್ಕೋಪಿನ ಕೆಳಗೆ

ಅನುಮಾನ ಮೊದಲು ಬಂದಿದ್ದು ತೂತಿನಿಂದ. ಹಾಳೆಯಿಂದ ಚೀಟಿ ಹರಿಯೋಕೆ ಸುಲಭವಾಗಲಿ ಅಂತ ತೂತಿನ ಸಾಲು ಕೊರೆಯುವ ಯಂತ್ರವನ್ನ 1840ರ ದಶಕದಲ್ಲಿ ಮಾಡಿದ್ದು ಹೆನ್ರಿ ಆರ್ಚರ್ ಅನ್ನೋ ಐರಿಷ್ ಮನುಷ್ಯ. ಬ್ರಿಟಿಷ್ ಸರ್ಕಾರ ಆ ಹಕ್ಕನ್ನ ಅವನಿಂದ ನಾಲ್ಕು ಸಾವಿರ ಪೌಂಡಿಗೆ ಕೊಂಡುಕೊಂಡಿತು. ಈ ತೂತುಗಳನ್ನ ಎಣಿಸೋಕೆ ಜಗತ್ತಿಗೆಲ್ಲ ಒಂದೇ ಲೆಕ್ಕ: ಎರಡು ಸೆಂಟಿಮೀಟರಿಗೆ ಎಷ್ಟು. 1948ರ ಗಾಂಧಿ ಸೆಟ್ಟಿನದು ಹನ್ನೊಂದೂವರೆ.

ಪ್ರದರ್ಶನದ ಚೀಟಿಗಳಿಗೆ ವಿವರದ ಕಾರ್ಡು ಬರೆಯುತ್ತಿದ್ದೆವು. ವರ್ಕ್‌ಶಾಪಿನಿಂದ ವರ್ನಿಯರ್ ತಂದು, ಅದರ ದವಡೆ ಚೀಟಿಗೆ ತಾಗದ ಹಾಗೆ, ಸುಮ್ಮನೆ ತಮಾಷೆಗೆ ಅಳೆದೆವು. ಒಂದೂವರೆ ಆಣೆಯದು ಹನ್ನೊಂದೂವರೆ. ಮೂರೂವರೆಯದು ಅದೇ. ಹನ್ನೆರಡಾಣೆಯದೂ ಅದೇ. ಹತ್ತು ರೂಪಾಯಿಯದು ಹನ್ನೆರಡೂವರೆ ಹತ್ತಿರ ಬಂತು. ಅಳೆದವನಿಗೆ ಬೈದು ಇನ್ನೊಬ್ಬ ಅಳೆದ. ಅಷ್ಟೇ ಬಂತು. ಮೂರನೇ ಸಲ ಅಳೆಯುವಾಗ ಯಾರೂ ಮಾತಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಮೆಟೀರಿಯಲ್ ಲ್ಯಾಬಿನ ಮೇಡಂ ಹತ್ತಿರ ಅನುಮತಿ ಕೇಳಿ, ಉಕ್ಕಿನ ಕಣರಚನೆ ನೋಡುವ ಮೈಕ್ರೋಸ್ಕೋಪಿನ ಕೆಳಗೆ ಎರಡು ಚೀಟಿ ಇಟ್ಟೆವು. ಮೇಡಂ ಚಿಮುಟದಲ್ಲಿ ಮಾತ್ರ ಮುಟ್ಟಿ ಅಂದರು, ತಾವೂ ಕುರ್ಚಿ ಎಳೆದುಕೊಂಡು ಕೂತರು.

ಒಂದೂವರೆ ಆಣೆಯ ಗಾಂಧಿ ಮೊದಲು. ಒಂದೇ ಬಣ್ಣ, ಕಂದು. ಎಲ್ಲಿ ನೋಡಿದರೂ ಒಂದೇ ಅಳತೆಯ ಪುಟ್ಟ ಮಡಿಗಳು, ಕೆನ್ನೆಯಿಂದ ಕತ್ತಿನ ಕಡೆ ಹೋದ ಹಾಗೆ ಗಾಢವಾಗುತ್ತಾ ಹೋಗುತ್ತವೆ, ದೊಡ್ಡವಾಗೋದಿಲ್ಲ. ಅಕ್ಷರಗಳ ಅಂಚು ನೋಡಿ ಅಂದರು ಮೇಡಂ. ಬರಿಗಣ್ಣಿಗೆ ನೇರ ಕಾಣುವ ಅಂಚು ಅಲ್ಲಿ ಗರಗಸದ ಹಲ್ಲಿನ ಹಾಗಿತ್ತು. ಇದು ಗ್ರ್ಯಾವ್ಯೂರಿನ ಸಹಿ. ಜಾಲರಿ ಇಡೀ ಸಿಲಿಂಡರಿನ ಮೇಲೆ ಬೀಳುವುದರಿಂದ ಚಿತ್ರ ಒಂದೇ ಅಲ್ಲ, ಅಕ್ಷರವೂ ಮಡಿಗಳಲ್ಲೇ ಬರೆದದ್ದಾಗಿರುತ್ತೆ.

ಆಮೇಲೆ ಹತ್ತು ರೂಪಾಯಿಯದು. ಅಕ್ಷರದ ಅಂಚು ನೇರ, ಬ್ಲೇಡಿನಲ್ಲಿ ಕೊಯ್ದ ಹಾಗೆ. ಮುಖದ ಮೇಲೆ ಚುಕ್ಕೆಗಳು, ಕೆಲವು ದಪ್ಪ, ಕೆಲವು ಸಾಸಿವೆಯಷ್ಟು. ಅದಕ್ಕಿಂತ ಹೆಚ್ಚಾಗಿ, ಕಂದು ಅನ್ನೋದು ಅಲ್ಲಿ ಇರಲೇ ಇಲ್ಲ. ಗುಲಾಬಿ ಚುಕ್ಕೆ, ಹಳದಿ ಚುಕ್ಕೆ, ಆಕಾಶ ನೀಲಿ ಚುಕ್ಕೆ, ಕರಿ ಚುಕ್ಕೆ, ಹೂವಿನ ಎಸಳಿನ ಹಾಗೆ ಸುತ್ತ ಕೂತಿದ್ದವು. ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುವ ಮಾಮೂಲಿ ನಾಲ್ಕು ಬಣ್ಣದ ಆಫ್‌ಸೆಟ್. ಎರಡೇ ಶಾಯಿಯಲ್ಲಿ ಅಚ್ಚಾಗಬೇಕಿದ್ದ ಚೀಟಿಯಲ್ಲಿ ನಾಲ್ಕು ಶಾಯಿ. ಒಂದು ಅಸಲಿ ಚೀಟಿಯ ಫೋಟೋ ತೆಗೆದು ಯಾರೋ ಅಚ್ಚು ಹಾಕಿದ್ದಾರೆ, ತೂತು ಕೊರೆದಿದ್ದಾರೆ, ಅಜ್ಜನಿಗೆ ಮಾರಿದ್ದಾರೆ.

ಇಂಥದ್ದಕ್ಕೆ ಕೊನೆಯ ಮಾತು ಹೇಳುವವರು ಪರಿಣತ ತಜ್ಞರು, ನಾವಲ್ಲ. ಆದರೆ ನಾಲ್ಕು ಬಣ್ಣದ ಎಸಳು ನೋಡಿದ ಮೇಲೆ ತಜ್ಞರನ್ನ ಕೇಳುವ ಆಸೆ ಯಾರಿಗೂ ಉಳಿಯಲಿಲ್ಲ.

ಹೇಳಬೇಕೋ ಬೇಡವೋ ಅಂತ ಎರಡು ದಿನ ಚರ್ಚೆ ನಡೀತು. ಎಂಬತ್ತು ದಾಟಿದ ಮನುಷ್ಯ, ಯಾಕೆ ಸುಮ್ಮನೆ, ಚೌಕಟ್ಟಿನಲ್ಲಿ ಇಟ್ಟುಬಿಡೋಣ, ಯಾರು ಮೈಕ್ರೋಸ್ಕೋಪ್ ತರ್ತಾರೆ ಅಂತ ಕೆಲವರು. ಅಸಲಿ ಅಂತ ಕಾರ್ಡು ಬರೆದು ಇಡೋದಾದರೆ ಆ ವ್ಯಾಪಾರಿಗೂ ನಮಗೂ ಏನು ವ್ಯತ್ಯಾಸ ಅಂತ ಕೆಲವರು. ಕೊನೆಗೆ ಮೊಮ್ಮಗನೇ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ನಾವೆಲ್ಲ ಕೇಳುತ್ತಿದ್ದೆವು. ತೂತಿನ ಲೆಕ್ಕ, ಚುಕ್ಕೆ, ಶಾಯಿ ಎಲ್ಲ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.

'ಒಂದೂವರೆ ಆಣೆದೂ ನೋಡಿದ್ರಾ?' ಅಂತ ಕೇಳಿದರು ಅಜ್ಜ.

'ನೋಡಿದ್ವಿ ಅಜ್ಜ. ಅದು ಅಸಲಿ.'

'ಅದು ಆಲ್ಬಮ್ಮಿಂದು. ಕೊನೇ ಪುಟದಲ್ಲಿ ಒಂದು ಕವರ್ ಉಂಟಲ್ಲ, ಅದ್ರ ಮೇಲಿಂದು ಕೇಳಿದ್ದು.'

ನಾವು ಆ ಕವರನ್ನ ನೋಡಿಯೇ ಇರಲಿಲ್ಲ. ಕೊನೆಯ ಪುಟದ ಪ್ಲಾಸ್ಟಿಕ್ಕಿನೊಳಗೆ ನಾಲ್ಕು ಮೂಲೆಯೂ ಸವೆದ ಒಂದು ಲಕೋಟೆ. ಅಜ್ಜನ ಅಪ್ಪ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ದೀಪಾವಳಿಗೆ ಊರಿಗೆ ಬರ್ತೇನೆ ಅಂತ ಬರೆದಿದ್ದು. ಮೇಲೆ ಕಂದು ಬಣ್ಣದ ಗಾಂಧಿ, ಅರ್ಧ ಮುಖದ ಮೇಲೆ ಅಂಚೆಯ ಕರಿ ಮುದ್ರೆ. ಚೀಟಿ ತೆಗೆಯೋ ಹಾಗಿಲ್ಲ, ಕವರ್ ಸಮೇತ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಮಡಿಗಳು ಇದ್ದವು, ಗರಗಸದ ಹಲ್ಲು ಇತ್ತು. ಫೋನ್ ಮಾಡಿ ಹೇಳಿದೆವು.

'ಹಾಂಗಾದ್ರೆ ಸೈ ಮಾರಾಯಾ. ಹತ್ತು ರೂಪಾಯಿದು ನೀವೇ ಇಟ್ಕೊಳ್ಳಿ, ಹುಡುಗ್ರಿಗೆ ತೋರ್ಸೋಕೆ ಆಯ್ತು. ಕವರ್ ಮಾತ್ರ ಬಗ್ಗಿಸಬೇಡಿ.'

ಕವರ್ ಪ್ರದರ್ಶನಕ್ಕೆ ಇಟ್ಟಿರಲಿಲ್ಲ, ಭಯವಾಯ್ತು. ಮರುವಾರವೇ ಪೆಟ್ಟಿಗೆಯಲ್ಲಿ ವಾಪಸ್ ಊರು ಸೇರಿತು. ಈ ವಿಷಯ ಬರೆಯೋಕೆ ಅಜ್ಜನ ಒಪ್ಪಿಗೆ ಇದೆ, ವ್ಯಾಪಾರಿಯ ಹೆಸರು ಹಾಕಬೇಡಿ ಅಂತ ಮಾತ್ರ ಅಂದರು, 'ಅವ ಈಗ ಇಲ್ಲ' ಅಂತ.

ಆಮೇಲೆ ನಾಸಿಕ

ಮುದ್ರಣದ ಕತೆ ಪೂರ್ತಿ ಮಾಡಬೇಕಲ್ಲ. 1949ರ ಆಗಸ್ಟ್ 15ಕ್ಕೆ ನಾಸಿಕದಿಂದ ಪುರಾತನ ಕಟ್ಟಡ, ಶಿಲ್ಪಗಳ ಸರಣಿ ಬಂತು, ನಮ್ಮ ವಿಜಯಪುರದ ಗೋಳಗುಮ್ಮಟವೂ ಅದರಲ್ಲಿದೆ. ಅವು ಹಳೆಯ ವಿಧಾನದಲ್ಲೇ. 1952ರ ಅಕ್ಟೋಬರ್ 1ಕ್ಕೆ ಬಂದ ಸಂತ-ಕವಿಗಳ ಸರಣಿ ನಾಸಿಕದ ಮೊದಲ ಫೋಟೋಗ್ರ್ಯಾವ್ಯೂರ್ ಕೆಲಸ. ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ಟಾಗೋರ್. (ಕನ್ನಡದವರು ಒಬ್ಬರೂ ಇಲ್ಲ ಅನ್ನೋದು ಇನ್ನೊಂದು ಜಗಳ. ಪುರಂದರದಾಸರು 1964ರವರೆಗೆ, ಬಸವಣ್ಣ 1967ರವರೆಗೆ ಕಾಯಬೇಕಾಯ್ತು.) ಬಾಪೂ ಚೀಟಿಯಿಂದ ಇಲ್ಲಿಗೆ ನಾಲ್ಕೇ ವರ್ಷ. ಆ ನಾಲ್ಕು ವರ್ಷದಲ್ಲಿ ಸಿಲಿಂಡರು, ಕ್ಯಾಮೆರಾ, ಕಾರ್ಬನ್ ಟಿಶ್ಯೂ ಹದ ಮಾಡುವ ಕೋಣೆ, ಫೆರಿಕ್ ಕ್ಲೋರೈಡಿನ ಮುಂದೆ ಗಡಿಯಾರ ಹಿಡಿದು ನಿಲ್ಲುವ ಕೈಗಳು, ಎಲ್ಲವೂ ನಾಸಿಕದಲ್ಲಿ ತಯಾರಾಗಬೇಕಿತ್ತು, ತಯಾರಾದವು. ಯಂತ್ರ ಕೊಳ್ಳಬಹುದು, ಆ ಕೈ ಕೊಳ್ಳೋಕಾಗಲ್ಲ.

ಅದೇ ನಾಸಿಕದ ಗ್ರ್ಯಾವ್ಯೂರ್ ಸಿಲಿಂಡರಿನಿಂದ 1960ರ ಸೆಪ್ಟೆಂಬರ್ 15ಕ್ಕೆ ಇನ್ನೊಂದು ಮುಖ ಬಂತು, ಪೇಟ ಸುತ್ತಿದ ಸರ್ ಎಂ. ವಿಶ್ವೇಶ್ವರಯ್ಯನವರದು. ಅವರ ನೂರನೇ ಹುಟ್ಟುಹಬ್ಬ, ಅವರಿನ್ನೂ ಬದುಕಿದ್ದರು. ತಮ್ಮದೇ ಚೀಟಿ ಅಂಟಿಸಿ ಕಾಗದ ಹಾಕುವ ಭಾಗ್ಯ ಎಷ್ಟು ಜನ ಎಂಜಿನಿಯರುಗಳಿಗೆ ಸಿಕ್ಕೀತು! ಅಜ್ಜನ ಆಲ್ಬಮ್ಮಿನಲ್ಲಿ ಅದೂ ಇತ್ತು, ಹೊಸದೇ, ಮುದ್ರೆ ಬೀಳದ್ದು. ಅಕ್ಷರದ ಅಂಚು ನೋಡಿದೆವು. ಗರಗಸದ ಹಲ್ಲು ಚೆನ್ನಾಗಿಯೇ ಇದೆ.

ನಿಮ್ಮ ಮನೆಯಲ್ಲಿ ಹಳೆಯ ಚೀಟಿ, ಕವರ್ ಇದ್ದರೆ ನೀರಲ್ಲಿ ನೆನೆಸಿ ಕೀಳೋಕೆ ಹೋಗಬೇಡಿ, ಕವರ್ ಸಮೇತ ತನ್ನಿ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಂಘದಲ್ಲಿದೆ, ಮೇಡಂ ಒಪ್ಪಿದರೆ ಮೈಕ್ರೋಸ್ಕೋಪೂ ಇದೆ. ಹತ್ತು ರೂಪಾಯಿಯ ನಕಲಿ ಬಾಪೂ ಈಗ ಸಂಘದ ಕಪಾಟಿನಲ್ಲಿದ್ದಾರೆ. ಪಕ್ಕದಲ್ಲೇ ಹೋಲಿಸಿ ನೋಡೋಕೆ ಅಂತ ಅಜ್ಜ ಆಲ್ಬಮ್ಮಿನಿಂದ ಬಿಡಿಸಿ ಕೊಟ್ಟ ಒಂದೂವರೆ ಆಣೆಯದು. ಬುಧವಾರ ಸಂಜೆ ಐದರ ಮೇಲೆ ಬಂದರೆ ಎರಡನ್ನೂ ನೋಡಬಹುದು. ಚಿಮುಟ ಕೊಡುತ್ತೇವೆ.